ಯಾರ ಮೇಲೂ ಮನಸ್ಸಾಗದ ಹುಡುಗಿಗೆ ಕನ್ನಡದ ಕಾದಂಬರಿಯಲ್ಲಿ ಜಾಗ ಎಲ್ಲಿದೆ?

ಓದುಮನೆ_ಸಪ್ತಾಪುರ:
ಧಾರವಾಡದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ನಾನು, ರವಿವಾರ ಮುಂಜಾನೆ ನಮ್ಮ ಮನೆಯ ಮಾಳಿಗೆಯ ಮೇಲೆ ಹತ್ತು ಹನ್ನೆರಡು ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಪುಸ್ತಕ ಓದುವ ರೂಢಿ ಇಟ್ಟುಕೊಂಡಿದ್ದೇನೆ. ಹೋದ ತಿಂಗಳು ದ್ವಿತೀಯ ಪಿಯುಸಿಯ ಹುಡುಗಿಯೊಬ್ಬಳು ನನ್ನ ಕಪಾಟಿನಿಂದ ಆಲಿಸ್ ಓಸ್‌ಮನ್ ಅವರ ‘ಲವ್‌ಲೆಸ್’ ಒಯ್ದಿದ್ದಳು. 2020ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾಗಿ, ಮರುವರ್ಷ ಹದಿಹರೆಯದವರ ಪುಸ್ತಕಗಳಿಗೆ ಅಲ್ಲಿ ಕೊಡುವ ‘ವೈಎ ಬುಕ್ ಪ್ರೈಜ್’ ಪಡೆದ ಕಾದಂಬರಿ ಅದು. ಅದರ ನಾಯಕಿ ಜಾರ್ಜಿಯಾಳಿಗೆ ಹದಿನೆಂಟು ವರ್ಷ. ಪ್ರೇಮಕಥೆಗಳೆಂದರೆ ಅವಳಿಗೆ ಪ್ರಾಣ, ಆದರೆ ಯಾರನ್ನು ಕಂಡರೂ ಆ ಸೆಳೆತ ಅವಳಲ್ಲಿ ಹುಟ್ಟುವುದಿಲ್ಲ. ಡರ್ಹಮ್ ವಿಶ್ವವಿದ್ಯಾಲಯ ಸೇರಿದ ಮೇಲೆ, ಲೈಂಗಿಕ ಆಕರ್ಷಣೆಯಾಗಲಿ ಪ್ರಣಯದ ಆಕರ್ಷಣೆಯಾಗಲಿ ತನ್ನಲ್ಲಿ ಇಲ್ಲವೆಂಬುದು ಅವಳಿಗೆ ನಿಧಾನವಾಗಿ ತಿಳಿಯುತ್ತದೆ.

ಹುಡುಗಿ ಪುಸ್ತಕವನ್ನು ಮರಳಿ ಕೊಟ್ಟಾಗ ಅದಕ್ಕೆ ಖಾಕಿ ರಟ್ಟು ಹಾಕಿ, ಮೇಲೆ ‘ಇಂಗ್ಲಿಷ್ ವ್ಯಾಕರಣ’ ಎಂದು ಚೀಟಿ ಅಂಟಿಸಿದ್ದಳು. ಒಳಗೆ ಕಷ್ಟದ ಪದಗಳ ತಲೆಯ ಮೇಲೆಲ್ಲ ಪೆನ್ಸಿಲ್ಲಿನಿಂದ ಕನ್ನಡ ಅರ್ಥ ಬರೆದುಕೊಂಡಿದ್ದಳು. ಯಾರ ಮೇಲೂ ಲೈಂಗಿಕ ಆಕರ್ಷಣೆ ಆಗದವರನ್ನು ಕರೆಯುವ ‘ಏಸೆಕ್ಷುವಲ್’ ಎಂಬ ಪದದ ಮೇಲೆ ‘ಲಿಂಗವಿಲ್ಲದ’ ಎಂದು ಬರೆದು, ಅಳಿಸಿ, ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು. ಹೋಗುವಾಗ ಬಾಗಿಲಲ್ಲಿ ನಿಂತು, “ಮೇಡಂ, ಇಂಥಾದ್ದು ಕನ್ನಡದಾಗ ಯಾರೂ ಬರದಿಲ್ಲೇನ್ರಿ?” ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ಆದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ. ಹದಿನೈದರಿಂದ ಇಪ್ಪತ್ತರ ವಯಸ್ಸಿನವರಿಗಾಗಿಯೇ ಬರೆದ ಕನ್ನಡ ಕಥೆ ಕಾದಂಬರಿಗಳಲ್ಲಿ ಇಂಥ ಪಾತ್ರವನ್ನು ನೀವು ಕಂಡಿದ್ದೀರಾ? ಈ ಸ್ವಭಾವಕ್ಕೆ ಕನ್ನಡದಲ್ಲಿ ಯಾವ ಪದ ಬಳಸಬೇಕು? ನಮ್ಮ ರವಿವಾರದ ಕೂಟಕ್ಕಾಗಿ ಎರಡು ಮೂರು ಅಧ್ಯಾಯಗಳನ್ನು ಅನುವಾದಿಸಲು ಕುಳಿತಿರುವೆ. ಆ ಪದದ ಹತ್ತಿರ ಬಂದು ಪೆನ್ನು ನಿಂತಿದೆ.

ಉಣಕಲ್ ದಂಡೆಯ ಓದುಗ:
ನಾನು ಕಂಡಿಲ್ಲ ಮೇಡಂ. ಹಾವೇರಿಯಲ್ಲಿ 2023ರ ಜನವರಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಪುಸ್ತಕ ಮಳಿಗೆಗಳಲ್ಲಿ ಇಡೀ ದಿನ ತಿರುಗಿದ್ದೆ. ಮಕ್ಕಳ ಪುಸ್ತಕಗಳ ಸಾಲು ಇತ್ತು, ದೊಡ್ಡವರ ಕಾದಂಬರಿಗಳ ಸಾಲು ಇತ್ತು, ನಡುವಿನ ವಯಸ್ಸಿನವರಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳಿದ್ದವು. ಏಸೆಕ್ಷುವಲ್ ಪಾತ್ರ ಇಲ್ಲ ಎನ್ನುವುದಕ್ಕಿಂತ ಮೊದಲು, ಅಂಥ ಪಾತ್ರ ಕೂರಬೇಕಾದ ಕಪಾಟೇ ನಮ್ಮಲ್ಲಿಲ್ಲ.

ಮುದ್ರಣಕಾಶಿ_ಗದಗ:
ಮೇಲಿನ ಮಾತನ್ನು ಒಪ್ಪುತ್ತೇನೆ. ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಲ್ಲಿ ಬಾಲಸಾಹಿತ್ಯ ಪುರಸ್ಕಾರವನ್ನೂ 2011ರಲ್ಲಿ ಯುವ ಪುರಸ್ಕಾರವನ್ನೂ ಆರಂಭಿಸಿತು. ಹೆಸರು ಕೇಳಿದವರು ಎರಡನೆಯದು ಯುವಕರು ಓದುವ ಪುಸ್ತಕಕ್ಕೆ ಎಂದುಕೊಳ್ಳುತ್ತಾರೆ. ಅದು ಮೂವತ್ತೈದು ವರ್ಷದೊಳಗಿನ ಲೇಖಕರಿಗೆ ಕೊಡುವ ಬಹುಮಾನ. ಓದುಗರ ವಯಸ್ಸನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಮುದ್ರಣಾಲಯದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನಾಗಿ ಹೇಳುತ್ತೇನೆ, ‘ಕಾಲೇಜು ಹುಡುಗರಿಗಾಗಿ ಕಾದಂಬರಿ’ ಎಂದು ಹಸ್ತಪ್ರತಿ ಹಿಡಿದುಕೊಂಡು ನಮ್ಮಲ್ಲಿಗೆ ಬಂದವರನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದು.

ಜೀವಶಾಸ್ತ್ರದ ಮಾಸ್ತರ, ಶಿಗ್ಗಾಂವಿ:
ಪದದ ಬಗ್ಗೆ ನನಗೆ ಒಂದು ಮಾತಿದೆ. ‘ಅಲೈಂಗಿಕ’ ಎಂದು ಮಾತ್ರ ಬರೆಯಬೇಡಿ. ನಾನು ಹತ್ತನೆಯ ತರಗತಿಗೆ ‘ಅಲೈಂಗಿಕ ಸಂತಾನೋತ್ಪತ್ತಿ’ ಎಂಬ ಪಾಠವನ್ನು ಪ್ರತಿ ವರ್ಷ ಮಾಡುತ್ತೇನೆ. ಅಮೀಬಾ ಎರಡಾಗಿ ಒಡೆಯುವುದು, ಯೀಸ್ಟ್ ಮೊಗ್ಗು ಬಿಡುವುದು, ತುಂಡಾದ ಹೈಡ್ರಾ ಮತ್ತೆ ಬೆಳೆಯುವುದು, ಇವೆಲ್ಲ ಆ ಪದದ ಜೊತೆಗೆ ಮಕ್ಕಳ ತಲೆಯಲ್ಲಿ ಕೂತಿರುತ್ತವೆ. ನಿಮ್ಮ ಹುಡುಗಿ ಆ ಪದವನ್ನು ತನಗೆ ಹಚ್ಚಿಕೊಂಡರೆ, ಪಕ್ಕದ ಬೆಂಚಿನವರು ಮರುದಿನವೇ ಅವಳನ್ನು ಅಮೀಬಾ ಎಂದು ಕರೆಯುತ್ತಾರೆ. ನನ್ನ ತರಗತಿಯಲ್ಲಿ ಇಂಥದೊಂದು ಅಡ್ಡಹೆಸರು ಹುಟ್ಟಿ, ಒಬ್ಬ ಹುಡುಗ ಎರಡು ವಾರ ಶಾಲೆಗೆ ಬಾರದೆ ಉಳಿದದ್ದು ನನಗೆ ಇನ್ನೂ ನೋವು ಕೊಡುತ್ತದೆ.

ವಚನಪ್ರಿಯ:
‘ನಿಷ್ಕಾಮ’ ಎಂಬ ಸುಂದರವಾದ ಪದ ಇರುವಾಗ ಚಿಂತೆ ಯಾಕೆ? ನಮ್ಮ ಪರಂಪರೆಗೆ ಈ ವಿಷಯ ಹೊಸದೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಅಕ್ಕಮಹಾದೇವಿ ರಾಜಭೋಗವನ್ನೂ ಸಂಸಾರವನ್ನೂ ಬಿಟ್ಟು ನಡೆದರು. ಕನ್ನಡದ ಹುಡುಗಿಗೆ ಇಂಗ್ಲೆಂಡಿನ ಜಾರ್ಜಿಯಾ ಯಾಕೆ ಬೇಕು, ಉಡುತಡಿಯ ಮಹಾದೇವಿ ಇಲ್ಲವೇ?

ಓದುಮನೆ_ಸಪ್ತಾಪುರ:
ಸರ್, ನಿಮ್ಮ ಅಭಿಮಾನವನ್ನು ಗೌರವಿಸುತ್ತೇನೆ, ಆದರೆ ಇಲ್ಲಿ ಒಪ್ಪಲಾರೆ. ಅಕ್ಕನ ವಚನಗಳನ್ನು ಓದಿದವರಿಗೆ ಗೊತ್ತು, ಅವು ಒಲುಮೆಯಿಂದ, ವಿರಹದಿಂದ, ಕೂಡುವ ತವಕದಿಂದ ತುಂಬಿವೆ. ಚೆನ್ನಮಲ್ಲಿಕಾರ್ಜುನನನ್ನು ಗಂಡನೆಂದು ಕರೆದು, ಗಿಳಿ ಕೋಗಿಲೆಗಳನ್ನು ನಿಲ್ಲಿಸಿ ಅವನನ್ನು ಕಂಡಿರಾ ಎಂದು ಕೇಳಿದವಳು ಅವಳು. ಅವಳಲ್ಲಿ ಆಕರ್ಷಣೆ ಇಲ್ಲವೆಂದರೆ ಅವಳ ಕಾವ್ಯದ ಜೀವವನ್ನೇ ತೆಗೆದಂತೆ. ‘ನಿಷ್ಕಾಮ’ ಎಂಬುದು ಗೀತೆಯ ಕರ್ಮಯೋಗದ ಜೊತೆಗೆ ಬಂದ ಪದ. ಅದರಲ್ಲಿ ಸಾಧನೆ ಇದೆ, ಗೆಲುವು ಇದೆ. ಬ್ರಹ್ಮಚರ್ಯವೂ ಹಾಗೆಯೇ, ಆಸೆ ಇದ್ದವರು ಅದನ್ನು ಹಿಡಿತದಲ್ಲಿಟ್ಟುಕೊಳ್ಳುವ ವ್ರತ. ನನ್ನ ವಿದ್ಯಾರ್ಥಿನಿ ಏನನ್ನೂ ಗೆದ್ದಿಲ್ಲ, ಬಿಟ್ಟಿಲ್ಲ, ವ್ರತ ಹಿಡಿದಿಲ್ಲ. ಅವಳು ಇರುವುದೇ ಹಾಗೆ. ಅವಳನ್ನು ಶರಣೆಯ ಪೀಠದಲ್ಲಿ ಕೂರಿಸಿದರೆ ಅವಳು ಮತ್ತೆ ಒಂಟಿಯಾಗುತ್ತಾಳೆ.

ವಚನಪ್ರಿಯ:
ಅಕ್ಕನ ವಿಷಯದಲ್ಲಿ ನೀವು ಹೇಳಿದ್ದು ಸರಿ, ನಾನು ಅವಸರದಲ್ಲಿ ಬರೆದೆ. ಆದರೂ ಈ ನೆಲದಲ್ಲಿ ಮದುವೆ ಬೇಡವೆಂದ ಹೆಣ್ಣುಮಕ್ಕಳಿಗೆ ಗೌರವದ ಒಂದು ದಾರಿ ಇತ್ತು ಎಂಬ ನನ್ನ ಮಾತನ್ನು ಹಿಂದಕ್ಕೆ ಪಡೆಯುವುದಿಲ್ಲ.

ತುಂಗಭದ್ರೆಯ ಮಗಳು:
ಆ ದಾರಿ ಹಿಡಿಯಬೇಕಾದರೆ ದೇವರನ್ನು ನೆಪ ಮಾಡಬೇಕಿತ್ತು ಸರ್. ನೆಪವಿಲ್ಲದವರ ಕಥೆಯನ್ನು ನಾನು ಹೇಳುತ್ತೇನೆ.

ನಾನು ರಾಣೇಬೆನ್ನೂರು ತಾಲೂಕಿನವಳು, ವಯಸ್ಸು ನಲವತ್ಮೂರು. ಇಪ್ಪತ್ತೊಂದನೆಯ ವರ್ಷದಿಂದ ನಮ್ಮ ಮನೆಗೆ ಕನ್ಯಾ ನೋಡಲು ಬರುವವರ ಸಾಲು ಶುರುವಾಯಿತು. ಪ್ರತಿ ಸಲವೂ ಅದೇ ಹಸಿರು ಇಳಕಲ್ ಸೀರೆ, ಅದೇ ಅಬ್ಬಲಿಗೆ ಹೂವಿನ ದಂಡೆ, ಅದೇ ಸ್ಟೀಲಿನ ತಾಟಿನಲ್ಲಿ ಅವಲಕ್ಕಿಯ ಬಟ್ಟಲುಗಳು. ಒಮ್ಮೆ ನೋಡಲು ಬಂದ ಹುಡುಗ ನಿಜಕ್ಕೂ ಒಳ್ಳೆಯವನಾಗಿದ್ದ. ನನ್ನ ಓದಿನ ಬಗ್ಗೆ ಕೇಳಿದ, ನಕ್ಕು ಮಾತಾಡಿದ. ಅವರು ಹೋದ ಮೇಲೆ ಚಿಕ್ಕವ್ವ ನನ್ನ ಗಲ್ಲ ಹಿಡಿದು, “ಹೆಂಗನಸ್ತವಾ, ಎದಿ ಡವ ಡವ ಅಂತೇನು?” ಎಂದಳು. ಏನೂ ಅನ್ನಿಸಿರಲಿಲ್ಲ. ಬಟ್ಟಲಿನ ಅಂಚಿಗೆ ಅಂಟಿದ ಅವಲಕ್ಕಿಯನ್ನು ಉಗುರಿನಿಂದ ಕೆರೆಯುತ್ತಾ, “ಹೂಂ” ಎಂದೆ. ಆ ಒಂದು ಸುಳ್ಳಿನಿಂದ ಮಾತುಕತೆ ನಿಶ್ಚಿತಾರ್ಥದವರೆಗೆ ಹೋಯಿತು. ಅವ್ವನಿಗೆ ನಿಜ ಹೇಳಿದಾಗ, “ಮದಿವ್ಯಾದ ಮ್ಯಾಲ ಎಲ್ಲಾ ತಾನ ಬರ್ತೈತಿ” ಎಂದಳು. ಒಬ್ಬ ವೈದ್ಯರೂ ಅದನ್ನೇ ಹೇಳಿ ಶಕ್ತಿಯ ಗುಳಿಗೆ ಬರೆದುಕೊಟ್ಟರು. ನಿಶ್ಚಿತಾರ್ಥವನ್ನು ನಾನೇ ಮುರಿದೆ. ಆ ಹುಡುಗನಿಗೆ ಆದ ಅವಮಾನಕ್ಕೆ ನಾನು ಇಂದಿಗೂ ಹೊಣೆ ಹೊರುತ್ತೇನೆ, ಯಾಕೆಂದರೆ ಅವನದು ಯಾವ ತಪ್ಪೂ ಇರಲಿಲ್ಲ.

ನನ್ನ ಸ್ವಭಾವಕ್ಕೆ ಒಂದು ಹೆಸರಿದೆ ಎಂದು ತಿಳಿದದ್ದು ಮೂವತ್ತಾರನೆಯ ವರ್ಷದಲ್ಲಿ, ಮೊಬೈಲಿನಲ್ಲಿ. ‘ಲವ್‌ಲೆಸ್’ ಕಾದಂಬರಿಯನ್ನು ನಾನೂ ಓದಿದ್ದೇನೆ. ತನಗೂ ಪ್ರೀತಿ ಬರಲೇಬೇಕೆಂದು ಜಾರ್ಜಿಯಾ ತನ್ನ ಗೆಳೆಯ ಜೇಸನ್ ಜೊತೆಗೆ ಪ್ರೇಮದ ಪ್ರಯತ್ನ ಮಾಡಿ ಅವನ ಮನಸ್ಸನ್ನು ನೋಯಿಸುತ್ತಾಳಲ್ಲ, ಆ ಪುಟಗಳನ್ನು ಓದುವಾಗ ನನಗೆ ಆ ಅವಲಕ್ಕಿಯ ಬಟ್ಟಲು ನೆನಪಾಯಿತು. ಇಪ್ಪತ್ತೊಂದಕ್ಕೆ ಈ ಪುಸ್ತಕ ನನ್ನ ಕೈಗೆ ಸಿಕ್ಕಿದ್ದರೆ ಎರಡು ಮನೆಗಳಿಗೆ ಆದ ನೋವು ತಪ್ಪುತ್ತಿತ್ತು.

ಹಾಸ್ಟೆಲ್_ಕೋಣೆ_14:
ಅಕ್ಕಾರ, ಬರೆದದ್ದಕ್ಕೆ ಶರಣು. ಎರಡು ಸಲ ಓದಿದೆ.

ನವನಗರದ ತಂದೆ:
ತಾಯಿ ಬರೆದ ಅನುಭವಕ್ಕೆ ನನ್ನ ಗೌರವ ಇದೆ. ಆದರೂ ಹದಿನೇಳು ವರ್ಷದ ಮಗಳ ತಂದೆಯಾಗಿ ನನ್ನ ಆತಂಕವನ್ನು ಹೇಳಿಕೊಳ್ಳದೆ ಇರಲಾರೆ. ಈ ವಯಸ್ಸಿನಲ್ಲಿ ಮನಸ್ಸು ಇನ್ನೂ ಹದಗೊಳ್ಳುತ್ತಿರುತ್ತದೆ. ಕೆಲವರಿಗೆ ಇಂಥ ಭಾವನೆ ಬೇಗ ಬರುತ್ತದೆ, ಕೆಲವರಿಗೆ ತಡವಾಗಿ ಬರುತ್ತದೆ. ಒಂದು ಕಾದಂಬರಿ ಓದಿ, ‘ನಾನು ಇಂಥವಳು’ ಎಂದು ಹಣೆಗೆ ಚೀಟಿ ಅಂಟಿಸಿಕೊಂಡರೆ ಮುಂದೆ ಅದನ್ನು ಕಿತ್ತುಹಾಕುವುದು ಸುಲಭವೇ? ಪುಸ್ತಕ ಬೇಡವೆನ್ನುತ್ತಿಲ್ಲ, ವಯಸ್ಸು ನೋಡಿ ಕೊಡಿ ಎನ್ನುತ್ತಿದ್ದೇನೆ.

ಹಾಸ್ಟೆಲ್_ಕೋಣೆ_14:
ಸರ್, ನಿಮ್ಮ ಮಗಳು ನಾಳೆ ಒಬ್ಬ ಹುಡುಗ ಇಷ್ಟವಾದ ಎಂದರೆ ನೀವು ಸಿಟ್ಟಾಗಬಹುದು, ಆದರೆ ಅದು ನಿಜವೇ ಎಂದು ಸಂಶಯ ಪಡುವುದಿಲ್ಲ. ಯಾರೂ ಇಷ್ಟವಾಗುವುದಿಲ್ಲ ಎಂದರೆ ಮಾತ್ರ ‘ಇನ್ನೂ ವಯಸ್ಸಿದೆ’ ಎನ್ನುತ್ತೇವೆ. ಒಂದೇ ವಯಸ್ಸಿಗೆ ಎರಡು ಅಳತೆ ಯಾಕೆ?

ಗಂಡುಹುಡುಗರ ಪಾಡನ್ನೂ ಹೇಳುತ್ತೇನೆ. ವಿದ್ಯಾನಗರದ ಒಂದು ಹಾಸ್ಟೆಲಿನಲ್ಲಿ ನಾಲ್ಕು ಮಂದಿ ಒಂದೇ ಕೋಣೆಯಲ್ಲಿದ್ದೇವೆ. ರಾತ್ರಿ ಲೈಟು ಆರಿಸಿದ ಮೇಲೆ ಹುಡುಗಿಯರ ಮಾತು ಶುರುವಾದರೆ ನಾನು ನಿದ್ದೆ ಬಂದವನಂತೆ ಗೋಡೆಯ ಕಡೆ ತಿರುಗುತ್ತೇನೆ. ಒಂದು ದಿನ ಒಬ್ಬ ನೇರವಾಗಿ ಕೇಳಿದ. ನಾನು ಊರಲ್ಲಿ ಒಬ್ಬಳಿದ್ದಾಳೆ ಎಂದು ಹೆಸರು ಕಟ್ಟಿ ಹೇಳಿದೆ. ಈಗ ಆ ಇಲ್ಲದ ಹುಡುಗಿಯ ಹುಟ್ಟಿದ ದಿನವನ್ನೂ ನೆನಪಿಟ್ಟುಕೊಳ್ಳಬೇಕಾಗಿದೆ. ಹುಡುಗಿ ಇಂಥದರಲ್ಲಿ ಆಸಕ್ತಿ ಇಲ್ಲವೆಂದರೆ ಸಂಭಾವಿತೆ ಎನ್ನುತ್ತಾರೆ, ಹುಡುಗ ಹೇಳಿದರೆ ಬರುವ ಬೈಗುಳ ನಿಮಗೆಲ್ಲ ಗೊತ್ತಿದೆ. ನಾನು ಓದಿದ ಪುಸ್ತಕಗಳಲ್ಲಿ ನಾಯಕಿಯರೇ ಹೆಚ್ಚು. ಓಸ್‌ಮನ್ ಅವರದೇ ‘ರೇಡಿಯೊ ಸೈಲೆನ್ಸ್’ನಲ್ಲಿ ಏಲೆಡ್ ಎಂಬ ಹುಡುಗ ಇದ್ದಾನೆ. ಗಾಢವಾದ ಸ್ನೇಹ ಬೆಳೆದ ಮೇಲೆ ಮಾತ್ರ ಆಕರ್ಷಣೆ ಹುಟ್ಟುವ ಸ್ವಭಾವ ಅವನದು. 2016ರ ಆ ಪುಸ್ತಕವನ್ನು ನಾನು ದಿಂಬಿನ ಕೆಳಗೆ ಇಟ್ಟುಕೊಂಡೇ ಓದಿ ಮುಗಿಸಿದೆ.

ಆಪ್ತಸಮಾಲೋಚಕಿ, ಹುಬ್ಬಳ್ಳಿ:
ನವನಗರದ ಸರ್ ಅವರಿಗೆ ಎರಡು ಮಾತು. 2004ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞ ಆಂಥನಿ ಬೊಗಾರ್ಟ್ ಅವರು ಬ್ರಿಟನ್ನಿನ ಹದಿನೆಂಟು ಸಾವಿರಕ್ಕೂ ಹೆಚ್ಚು ಜನರ ಸಮೀಕ್ಷೆಯ ಮಾಹಿತಿಯನ್ನು ಪರಿಶೀಲಿಸಿದಾಗ, ಸುಮಾರು ನೂರಕ್ಕೆ ಒಬ್ಬರು ತಮಗೆ ಯಾರ ಬಗೆಗೂ ಎಂದೂ ಲೈಂಗಿಕ ಆಕರ್ಷಣೆ ಆಗಿಲ್ಲವೆಂದು ಹೇಳಿದ್ದು ಕಂಡುಬಂದಿತು. ಎರಡನೆಯದು, ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯ 2013ರ ಐದನೆಯ ಆವೃತ್ತಿಯು, ತಾನು ಏಸೆಕ್ಷುವಲ್ ಎಂದು ಗುರುತಿಸಿಕೊಂಡವರಿಗೆ ಕಾಮಾಸಕ್ತಿಯ ಕೊರತೆ ಎಂಬ ರೋಗದ ಹೆಸರು ಹಚ್ಚಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ. ಕಾದಂಬರಿ ಓದಿ ಯಾರೂ ಹೀಗೆ ಆಗುವುದಿಲ್ಲ. ಹೀಗೆ ಇದ್ದವರು ಓದಿದರೆ ತಮ್ಮನ್ನು ತಾವು ಬೈದುಕೊಳ್ಳುವುದನ್ನು ನಿಲ್ಲಿಸುತ್ತಾರೆ. ಮುಂದೆ ಬೇರೆ ಅನ್ನಿಸಿದರೆ ಆ ಪದವನ್ನು ಬಿಟ್ಟುಬಿಡುತ್ತಾರೆ, ಅದರಲ್ಲಿ ನಷ್ಟವೇನಿದೆ?

ನವನಗರದ ತಂದೆ:
ಅಳತೆಯ ಮಾತು ನನಗೆ ತಟ್ಟಿತು ತಮ್ಮಾ, ಒಪ್ಪಿದೆ. ಆದರೆ ಬರೆಯುವವರಲ್ಲಿ ಒಂದು ಕೋರಿಕೆ. ಪಾತ್ರಕ್ಕೆ ಗೊಂದಲದಲ್ಲಿ ಇರಲು ಅವಕಾಶ ಕೊಡಿ. ಕೊನೆಯ ಪುಟದೊಳಗೆ ಎಲ್ಲವೂ ತೀರ್ಮಾನ ಆಗಲೇಬೇಕು ಎಂಬ ಅವಸರ ಬೇಡ.

ವಕೀಲರ ಓಣಿ, ಹುಬ್ಬಳ್ಳಿ:
ಕನ್ನಡದಲ್ಲಿ ಪದ ಯಾಕೆ ಹುಟ್ಟಲಿಲ್ಲ ಎಂಬುದಕ್ಕೆ ನನಗೆ ತೋಚಿದ ಕಾರಣವೊಂದನ್ನು ಮುಂದಿಡುತ್ತೇನೆ. ನಮ್ಮಲ್ಲಿ ಇಂಥ ವಿಷಯಗಳ ಚರ್ಚೆ ನ್ಯಾಯಾಲಯದ ಬಾಗಿಲಿನಿಂದ ಮನೆಗೆ ಬಂದಿದೆ. 2014ರ ಏಪ್ರಿಲ್ 15ರಂದು ತೃತೀಯ ಲಿಂಗಿಗಳ ಹಕ್ಕಿನ ತೀರ್ಪು ಬಂತು, 2018ರ ಸೆಪ್ಟೆಂಬರ್ 6ರಂದು ಸಲಿಂಗಕಾಮವನ್ನು ಅಪರಾಧವೆನ್ನುತ್ತಿದ್ದ 377ನೆಯ ಕಲಮಿನ ತೀರ್ಪು ಬಂತು. ಎರಡೂ ಸಲ ಕನ್ನಡ ಪತ್ರಿಕೆಗಳು ವಾರಗಟ್ಟಲೆ ಬರೆದವು, ಬರೆಯುತ್ತಾ ಪದಗಳನ್ನು ಹುಡುಕಿಕೊಂಡವು, ಹಳೆಯ ಬೈಗುಳಗಳನ್ನು ಕೈಬಿಟ್ಟವು. ಯಾರ ಮೇಲೂ ಆಸೆ ಪಡದವರನ್ನು ಕಾನೂನು ಅಪರಾಧಿ ಎನ್ನಲಿಲ್ಲ, ಆದ್ದರಿಂದ ಮೊಕದ್ದಮೆಯೂ ಇಲ್ಲ, ಸುದ್ದಿಯೂ ಇಲ್ಲ, ಪದವೂ ಇಲ್ಲ. ಕಾನೂನಿನ ಪುಸ್ತಕದಲ್ಲಿ ಇವರ ಹತ್ತಿರ ಸುಳಿಯುವ ಒಂದು ಜಾಗ, 1955ರ ಹಿಂದೂ ವಿವಾಹ ಕಾಯ್ದೆಯ 12ನೆಯ ಕಲಂ. ಎದುರುದಾರರ ನಪುಂಸಕತ್ವದ ಕಾರಣದಿಂದ ದಾಂಪತ್ಯ ಕೂಡಿಬರದಿದ್ದರೆ ಮದುವೆಯನ್ನು ರದ್ದುಗೊಳಿಸಬಹುದು ಎನ್ನುತ್ತದೆ ಅದು. ದೇಹಕ್ಕೆ ಆಗದಿರುವುದು ಬೇರೆ, ಮನಸ್ಸಿಗೆ ಬೇಕೆನಿಸದಿರುವುದು ಬೇರೆ. ಕಕ್ಷಿದಾರರು ಅಳುತ್ತಾ ಹೇಳುವುದು ಎರಡನೆಯದನ್ನು, ಅರ್ಜಿಯಲ್ಲಿ ನಾವು ಬರೆಯುವುದು ಮೊದಲನೆಯದನ್ನು. ಈ ಎರಡರ ನಡುವಿನ ಅಂತರವನ್ನು ತೋರಿಸಲು ಕಾದಂಬರಿಕಾರರೇ ಬರಬೇಕು.

ಮುದ್ರಣಕಾಶಿ_ಗದಗ:
ವಕೀಲರೇ, ಕಾದಂಬರಿಕಾರರು ತೀರ್ಪಿಗಾಗಿ ಕಾಯಬೇಕಿಲ್ಲ ಎಂಬುದಕ್ಕೆ ಸಾಕ್ಷಿ ಇದೆ. ವಸುಧೇಂದ್ರ ಅವರ ‘ಮೋಹನಸ್ವಾಮಿ’ ಕಥಾಸಂಕಲನ ಬಂದದ್ದು 2013ರಲ್ಲಿ, ಅಂದರೆ ನೀವು ಹೇಳಿದ ಎರಡೂ ತೀರ್ಪುಗಳಿಗಿಂತ ಮೊದಲು. ಸಲಿಂಗಪ್ರೇಮಿಯ ಬದುಕನ್ನು ಕನ್ನಡದ ಓದುಗರು ಮನೆಯವರ ಕಥೆಯಂತೆ ಓದಿದರು. ಆ ಬಾಗಿಲು ತೆರೆದಿದೆ. ಹದಿಹರೆಯದವರ ಕಡೆಗೆ, ಈ ಸ್ವಭಾವದವರ ಕಡೆಗೆ ಯಾರಾದರೂ ಇನ್ನೊಂದು ಹೆಜ್ಜೆ ಇಡಬೇಕು.

ಉಣಕಲ್ ದಂಡೆಯ ಓದುಗ:
ಹೆಜ್ಜೆ ಹೇಗಿರಬಾರದು ಎಂಬುದನ್ನೂ ಮಾತಾಡೋಣ. ಹೊರಗಿನ ಪುಸ್ತಕಗಳನ್ನೆಲ್ಲ ತಲೆಯ ಮೇಲೆ ಹೊತ್ತುಕೊಳ್ಳಬೇಕಾಗಿಲ್ಲ. ಶಾನನ್ ಮೆಕ್‌ಗ್ವೈರ್ ಅವರ ‘ಎವ್ರಿ ಹಾರ್ಟ್ ಎ ಡೋರ್‌ವೇ’ 2016ರಲ್ಲಿ ಬಂದು, ಕಲ್ಪನಾಲೋಕದ ಕಥೆಗಳಿಗೆ ಕೊಡುವ ಹ್ಯೂಗೊ, ನೆಬ್ಯುಲಾ ಎರಡೂ ಬಹುಮಾನ ಪಡೆಯಿತು. ಅದರ ನ್ಯಾನ್ಸಿ ತಾನು ಏಸೆಕ್ಷುವಲ್ ಎಂದು ಸ್ಪಷ್ಟವಾಗಿ ಹೇಳುತ್ತಾಳೆ, ಅದು ದೊಡ್ಡ ಮಾತು. ಆದರೆ ಅವಳು ಮರಳಿ ಹೋಗಲು ಹಂಬಲಿಸುವ ಲೋಕ ಸತ್ತವರದು, ಅಲ್ಲಿ ಅವಳು ಕಲಿತ ವಿದ್ಯೆ ವಿಗ್ರಹದಂತೆ ಅಲುಗಾಡದೆ ನಿಲ್ಲುವುದು. ಆಸೆ ಇಲ್ಲದವಳು ಎಂದ ಕೂಡಲೇ ಕಲ್ಲು, ತಣ್ಣಗಿನ ಮೈ, ಸಾವು ಎಂಬ ಚಿತ್ರಗಳು ಬರುವುದು ನನಗೆ ಸರಿ ಕಾಣಲಿಲ್ಲ. ಯಂತ್ರಮಾನವ, ಬೇರೆ ಗ್ರಹದವ, ಎದೆಯಲ್ಲಿ ಮರುಕವಿಲ್ಲದ ಪತ್ತೇದಾರ, ಇಂಥವರಿಗೇ ಈ ಸ್ವಭಾವವನ್ನು ಹಂಚಿ ಹಂಚಿ ರೂಢಿಯಾಗಿದೆ. ನನಗೆ ಬೇಕಾದದ್ದು ಮಿರ್ಚಿ ಮಂಡಕ್ಕಿ ತಿನ್ನುತ್ತಾ ಗೆಳತಿಯರ ಜೊತೆ ಜಗಳಾಡುವ, ಬಿದ್ದು ಬಿದ್ದು ನಗುವ ಹುಡುಗಿ.

ಹಾಸ್ಟೆಲ್_ಕೋಣೆ_14:
ಹಾಗಾದರೆ ಡಾರ್ಸಿ ಲಿಟಲ್ ಬ್ಯಾಜರ್ ಅವರ ‘ಎಲಾಟ್ಸೋ’ ಓದಿ ಸರ್. 2020ರದೇ ಪುಸ್ತಕ. ಅಮೆರಿಕದ ಮೂಲನಿವಾಸಿಗಳಾದ ಲಿಪಾನ್ ಅಪಾಚೆ ಬುಡಕಟ್ಟಿನ ‘ಎಲಿ’ ಎಂಬ ಹುಡುಗಿ, ಸತ್ತುಹೋದ ತನ್ನ ನಾಯಿಯ ಭೂತವನ್ನು ಜೊತೆಗಿಟ್ಟುಕೊಂಡು ಸೋದರಸಂಬಂಧಿಯ ಕೊಲೆಯ ಗುಟ್ಟನ್ನು ಹುಡುಕುತ್ತಾಳೆ. ಅವಳು ಏಸೆಕ್ಷುವಲ್ ಎಂಬುದು ಮಾತಿನ ನಡುವೆ ಬಂದು ಹೋಗುತ್ತದೆ, ಮನೆಯವರಿಗೂ ಅದು ದೊಡ್ಡ ಸುದ್ದಿಯಲ್ಲ. ಅಜ್ಜಿ ಮುತ್ತಜ್ಜಿಯರ ಕಥೆಗಳು, ಮನೆತನದ ವಿದ್ಯೆ, ಇವುಗಳ ನಡುವೆ ಅವಳು ಬೆಳೆಯುತ್ತಾಳೆ. ನಮ್ಮ ಕಡೆಯ ಮನೆಗಳಿಗೆ ಇದು ಡರ್ಹಮ್ಮಿಗಿಂತ ಹತ್ತಿರ ಎನಿಸಿತು.

ತುಂಗಭದ್ರೆಯ ಮಗಳು:
ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ‘ಮಾತಿನ ನಡುವೆ ಬಂದು ಹೋಗುವುದು’ ಆ ಪದ ಗೊತ್ತಿದ್ದವರಿಗೆ ಸಾಕು. ಖಾಕಿ ರಟ್ಟು ಹಾಕಿ ಓದುವ ಹುಡುಗಿಗೆ ಅದು ಕಣ್ಣಿಗೇ ಬೀಳದೆ ದಾಟಿಹೋಗುತ್ತದೆ. ಅವಳಿಗೆ ಮೊದಲು ಇಡೀ ಪುಸ್ತಕವೇ ಬೇಕು, ಕನ್ಯಾ ನೋಡುವ ದಿನದಿಂದ ಹಿಡಿದು ಅವ್ವನ ಜೊತೆಗಿನ ಮಾತಿನವರೆಗೆ. ಇನ್ನೊಂದು ವಿಷಯ. ಜಾರ್ಜಿಯಾಳ ಕಥೆಯಲ್ಲಿ ಕುಟುಂಬದ ಒತ್ತಡ ಹಗುರ, ಒತ್ತಡ ಇರುವುದು ಸ್ನೇಹಿತರ ಪಾರ್ಟಿಯಲ್ಲಿ. ನಮ್ಮಲ್ಲಿ ಪ್ರೀತಿ ಆಗದಿದ್ದರೆ ಯಾರೂ ಕೇಳುವುದಿಲ್ಲ, ಮದುವೆ ಆಗದಿದ್ದರೆ ಊರೇ ಕೇಳುತ್ತದೆ. ಆದ್ದರಿಂದ ಅನುವಾದ ಮಾಡಿ, ಬೇಡ ಎನ್ನುವುದಿಲ್ಲ, ಆದರೆ ಅಲ್ಲಿಗೆ ನಿಲ್ಲಿಸಬೇಡಿ.

ಜೀವಶಾಸ್ತ್ರದ ಮಾಸ್ತರ, ಶಿಗ್ಗಾಂವಿ:
ಅಕ್ಕಾರ ಹೇಳಿದ್ದು ದಿಟ. ಪದದ ಮಾತು ಮಾತ್ರ ಅರ್ಧಕ್ಕೆ ನಿಂತಿದೆ ನೋಡಿ.

ವಕೀಲರ ಓಣಿ, ಹುಬ್ಬಳ್ಳಿ:
‘ಲೈಂಗಿಕ ಆಕರ್ಷಣೆರಹಿತ’ ಎಂದರೆ ನಿಖರವಾಗಿರುತ್ತದೆ.

ಹಾಸ್ಟೆಲ್_ಕೋಣೆ_14:
ಅರ್ಜಿಯಲ್ಲಿ ನಿಖರ ಸರ್, ಅವ್ವನ ಮುಂದೆ ಹೇಳಲು ನಾಲಿಗೆ ಹೊರಳುವುದಿಲ್ಲ. ಗೇ, ಟ್ರಾನ್ಸ್ ಎಂಬ ಪದಗಳನ್ನು ಕನ್ನಡದಲ್ಲಿ ಹಾಗೆಯೇ ಬಳಸುತ್ತಿದ್ದೇವೆ. ಏಸೆಕ್ಷುವಲ್ ಎಂಬುದರ ಮೊಟಕು ರೂಪ ‘ಏಸ್’ ಕೂಡ ಚಿಕ್ಕದು, ಅದನ್ನೇ ಇಟ್ಟುಕೊಳ್ಳೋಣ.

ಓದುಮನೆ_ಸಪ್ತಾಪುರ:
ಎಲ್ಲರ ಮಾತನ್ನೂ ಓದಿದ ಮೇಲೆ ನಿನ್ನೆ ರಾತ್ರಿ ಮತ್ತೆ ಅನುವಾದಕ್ಕೆ ಕುಳಿತೆ. ವಿಶ್ವವಿದ್ಯಾಲಯದ ‘ಪ್ರೈಡ್ ಸೊಸೈಟಿ’ ಎಂಬ ವಿದ್ಯಾರ್ಥಿ ಕೂಟದ ಅಧ್ಯಕ್ಷ ಸುನೀಲ್ ತಾನು ಏಸೆಕ್ಷುವಲ್ ಎಂಬುದನ್ನು ಜಾರ್ಜಿಯಾಳಿಗೆ ವಿವರಿಸುವ ಭಾಗ ಅದು. ಕಥೆಗಾರ್ತಿ ಆ ಪಾತ್ರಕ್ಕೆ ಸುನೀಲ್ ಝಾ ಎಂದು ಭಾರತೀಯ ಹೆಸರನ್ನು ಇಟ್ಟಿರುವುದು ನನ್ನ ವಿದ್ಯಾರ್ಥಿನಿಗೆ ಬಹಳ ಹಿಡಿಸಿತ್ತು, ಆ ಹೆಸರಿನ ಕೆಳಗೆ ಎರಡು ಗೆರೆ ಎಳೆದಿದ್ದಳು. ಪದ ಬರುವ ಕಡೆ ‘ಏಸ್’ ಎಂದೇ ಬರೆದೆ. ಆದರೆ ಮೊದಲ ಸಲ ಬಂದಾಗ, ಮಾತಾಡುವವರ ಬಾಯಲ್ಲೇ, ‘ನನಗೆ ಯಾರ ಮೇಲೂ ಹಾಗೆ ಮನಸ್ಸಾಗುವುದಿಲ್ಲ’ ಎಂಬ ಒಂದು ವಾಕ್ಯವನ್ನು ಮುಂದೆ ಇಟ್ಟೆ. ಧಾರವಾಡದ ಯಾವ ಅಡಿಗೆಮನೆಯಲ್ಲಿಯೂ ಈ ವಾಕ್ಯ ಅರ್ಥವಾಗುತ್ತದೆ. ಹುಡುಗಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮನಸ್ಸಾಗೂದಿಲ್ಲ ಅನ್ನೂದ ಛೊಲೋ ಐತ್ರಿ ಮೇಡಂ, ಅದನ್ನ ಇಡ್ರಿ” ಎಂದಳು.

ತುಂಗಭದ್ರೆಯ ಮಗಳು ಅವರಲ್ಲಿ ಒಂದು ವಿನಂತಿ. ಅವಲಕ್ಕಿ ಬಟ್ಟಲಿನ ಆ ದಿನವನ್ನು ಇನ್ನಷ್ಟು ವಿವರವಾಗಿ, ಹತ್ತು ಪುಟದ ಕಥೆಯಾಗಿ ಬರೆಯುತ್ತೀರಾ? ಅನುವಾದದ ಜೊತೆಗೆ ಅದನ್ನೂ ರವಿವಾರ ಓದುತ್ತೇವೆ. ನಿಮ್ಮ ಹೆಸರು ಹಾಕುವುದು ಬಿಡುವುದು ನಿಮಗೆ ಬಿಟ್ಟದ್ದು.

ಮುದ್ರಣಕಾಶಿ_ಗದಗ:
ಬರೆದರೆ ಅಕ್ಷರ ಜೋಡಣೆಯ ಖರ್ಚು ನನ್ನದು. ಹದಿನಾರು ಪುಟದ ಒಂದು ಫಾರಂ ಆದರೂ ಸಾಕು, ಕಿರುಹೊತ್ತಿಗೆ ಮಾಡೋಣ.

ತುಂಗಭದ್ರೆಯ ಮಗಳು:
ನಾಲ್ಕು ಪುಟ ಆಗಿದೆ. ಚಿಕ್ಕವ್ವನ ಮಾತಿನ ಹತ್ತಿರ ನಿಂತಿದೆ, ನಾನು ‘ಹೂಂ’ ಎಂದು ಬಿಟ್ಟೆನಲ್ಲ, ಕಥೆಯ ಹುಡುಗಿಯ ಬಾಯಲ್ಲಿ ಅಲ್ಲಿ ಏನು ಹೇಳಿಸಲಿ ಎಂದು ತಿಳಿಯುತ್ತಿಲ್ಲ. ರವಿವಾರ ಬೆಳಗಿನ ರೈಲಿಗೆ ನಾನೇ ಧಾರವಾಡಕ್ಕೆ ಬರುತ್ತೇನೆ. ಆ ಒಂದು ಸಾಲನ್ನು ನಿಮ್ಮ ಹುಡುಗಿಯನ್ನು ಕೇಳಿ ಬರೆಯೋಣ.